ಟ್ಯೂಲಿಪ್ ಗಡ್ಡೆ ತರಿಸುವ ಮುನ್ನ

ಕಾಶ್ಮೀರ ಪ್ರವಾಸ ಮುಗಿಸಿ ಬಂದ ಕೆಲವು ಸದಸ್ಯರು, "ಸಂಘದಿಂದಲೇ ಟ್ಯೂಲಿಪ್ ಗಡ್ಡೆ ತರಿಸಿಕೊಡಿ, ಅಡಿಕೆ ಸಾಲಿನ ನಡುವೆ ಹಾಕುತ್ತೇವೆ" ಎಂದು ಕಛೇರಿಗೆ ಬಂದು ಕೇಳುತ್ತಿದ್ದಾರೆ. ಶ್ರೀನಗರದಲ್ಲಿ 2007ರಲ್ಲಿ ಆರಂಭವಾದ ಟ್ಯೂಲಿಪ್ ತೋಟವನ್ನು ಕಂಡವರಿಗೆ ಆಸೆ ಹುಟ್ಟುವುದು ಸಹಜವೇ. ಆದರೆ ಸೊರಬದ ಸದಸ್ಯರೊಬ್ಬರು ಕಳೆದ ಚಳಿಗಾಲದಲ್ಲಿ ಅಂಚೆಯ ಮೂಲಕ ಗಡ್ಡೆ ತರಿಸಿ ನೆಟ್ಟರು. ಎಲೆ ಬಂತು, ಹೂ ಬರಲಿಲ್ಲ. ಮುಂಗಾರಿಗೆ ಗಡ್ಡೆಯೂ ಕೊಳೆಯಿತು. ಉಳಿದವರ ಹಣವೂ ಹೀಗೆ ಹೋಗಬಾರದೆಂದು ಈ ನಾಲ್ಕು ಮಾತು.

ಟ್ಯೂಲಿಪ್ ಮೂಲತಃ ಮಧ್ಯ ಏಷ್ಯಾದ ಬೆಟ್ಟಗಳ ಗಿಡ. ಈರುಳ್ಳಿಯಂತಹ ಅದರ ಗಡ್ಡೆಯೊಳಗೆ ಬೇಸಿಗೆಯಲ್ಲೇ ಮೊಗ್ಗು ಕಟ್ಟಿರುತ್ತದೆ. ಆ ಮೊಗ್ಗು ದಂಟು ನೀಡಿ ಮೇಲೆ ಬರಬೇಕಾದರೆ ಸುಮಾರು 12ರಿಂದ 16 ವಾರ, 9 ಡಿಗ್ರಿಗಿಂತ ಕಡಿಮೆ ಥಂಡಿ ಸಿಗಬೇಕು. ನಮ್ಮಲ್ಲಿ ಬೆಳಗಿನ ಜಾವ ಎಷ್ಟೇ ಚಳಿಯಿದ್ದರೂ ಮಧ್ಯಾಹ್ನಕ್ಕೆ ಕೊನೆಗೌಡನ ಮೈ ಬೆವರುತ್ತದೆ.

ಫ್ರಿಜ್ಜಿನಲ್ಲಿಟ್ಟು ನೆಡಬಹುದೇ ಎಂಬುದು ಎರಡನೆಯ ಪ್ರಶ್ನೆ. ನೆಡಬಹುದು. ಆದರೆ ಜೊತೆಯಲ್ಲಿ ಬಾಳೆ, ಮಾವಿನಂತಹ ಮಾಗುವ ಹಣ್ಣು ಇರಬಾರದು; ಹಣ್ಣು ಬಿಡುವ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ. ಇಷ್ಟೆಲ್ಲ ಮಾಡಿದರೂ ಒಂದೇ ಸಲದ ಹೂ. ಮರುವರ್ಷ ಹೊಸ ಗಡ್ಡೆ ಕೊಳ್ಳಬೇಕು. ಜಗುಲಿಯ ಕುಂಡಕ್ಕೆ ಆದೀತು, ತೋಟದ ಲೆಕ್ಕಕ್ಕೆ ಹೊಂದದು. ಆದ್ದರಿಂದ ಸಂಘದಿಂದ ತರಿಸುವುದಿಲ್ಲ.

ಈ ಗಡ್ಡೆಯ ವ್ಯಾಪಾರದಲ್ಲಿ ಹಾಲೆಂಡಿನವರೂ ಕೈ ಸುಟ್ಟುಕೊಂಡಿದ್ದಾರೆ. ಏರಿ ಏರಿ ಹೋದ ಬೆಲೆ 1637ರ ಫೆಬ್ರವರಿಯಲ್ಲಿ ಒಮ್ಮೆಲೇ ಕುಸಿಯಿತು. ಅಂದು ಅತಿ ಹೆಚ್ಚು ಬೆಲೆ ಬಾಳುತ್ತಿದ್ದ ಹೂಗಳ ಬಣ್ಣದ ಪಟ್ಟೆಗಳು, ಹೇನು ಹರಡುವ ವೈರಸ್ ರೋಗದಿಂದ ಬಂದವು! ಏಲಕ್ಕಿಯ ಕಟ್ಟೆ ರೋಗವನ್ನು ಹರಡುವುದೂ ಹೇನೇ. ಅವರಿಗೆ ರೋಗ ಕಾಸು ತಂದಿತು, ನಮಗೆ ಏಲಕ್ಕಿಯನ್ನೇ ಕಳೆಯಿತು.

ಗಡ್ಡೆಯ ಹೂವೇ ಬೇಕೆಂದರೆ ಬೇಲಿಯ ಕಡೆ ನೋಡಿ. ಮಳೆಗಾಲದಲ್ಲಿ ಕೆಂಪು ಹಳದಿ ನಾಲಗೆ ಚಾಚಿ ಅರಳುವ ಗೌರಿ ಹೂ ಟ್ಯೂಲಿಪ್ಪಿಗೆ ದೂರದ ಬಂಧು. ಬೇಸಿಗೆಯಲ್ಲಿ ನೆಲದೊಳಗೆ ಮಲಗಿ, ಮಳೆ ಬಿದ್ದೊಡನೆ ಚಿಗುರುತ್ತದೆ, ಆರೈಕೆ ಕೇಳುವುದಿಲ್ಲ. ಅಗೆತದಲ್ಲಿ ಸಿಕ್ಕ ಗಡ್ಡೆಯನ್ನು ಎಸೆಯದೆ ಬೇಲಿಯ ಬುಡದಲ್ಲೇ ಮುಚ್ಚಿರಿ. ಗಡ್ಡೆ, ಬೀಜ ಎರಡೂ ಕಡುವಿಷ. ಮಕ್ಕಳ ಕೈಗೆ, ದನದ ಬಾಯಿಗೆ ಸಿಗದಂತೆ ನೋಡಿಕೊಳ್ಳಬೇಕು. ತಮಿಳುನಾಡಿನಲ್ಲಿ ಇದನ್ನೇ ಔಷಧಿಯ ಬೀಜಕ್ಕಾಗಿ ಬೆಳೆಯುತ್ತಾರೆ. ಕೊಳ್ಳುವವರು ಗೊತ್ತಾಗುವ ತನಕ ನೀವು ಮಾತ್ರ ಒಂದು ಗುಂಟೆಯನ್ನೂ ಹಾಕಬೇಡಿ.