ಉಣ್ಣುವುದೇ ಕಷ್ಟವಾದವರಿಗೆ ಊಟ ಸುಲಭವಾಗುವ ಬಗೆ



ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ, ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಮಠವನ್ನು ಕುರಿತು 1162ರ ಶಾಸನವೊಂದಿದೆ. ಅದು ಆ ಮಠವನ್ನು ವಿದ್ಯೆಯ ನೆಲೆಯೆಂದು ಬಣ್ಣಿಸುತ್ತದೆ. ಅದರೊಂದಿಗೆ ಬಡವರಿಗೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿಕ್ಕುವ ತಾಣವೆಂದೂ, ರೋಗಿಗಳಿಗೆ ಔಷಧ ದೊರೆಯುವ ತಾಣವೆಂದೂ ಹೇಳುತ್ತದೆ. ನಮ್ಮ ಸೀಮೆಯಲ್ಲಿ ಅನ್ನ ಮತ್ತು ಆರೋಗ್ಯ ಒಂದೇ ಸೂರಿನಡಿ ಇದ್ದುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಶಾಸನ ಹೆಸರಿಸಿದ ಕೊರತೆಗಳೆಲ್ಲ ಕಣ್ಣಿಗೆ ಕಾಣುವಂಥವು. ಕಣ್ಣಿಗೆ ಕಾಣದ ತೊಡಕಿನಿಂದ ಊಟ ಮಾಡಲಾರದವರೂ ನಮ್ಮ ನಡುವೆ ಇದ್ದಾರೆ. ಈ ತಿಂಗಳು ಅವರನ್ನು ಕುರಿತು ಬರೆಯಬೇಕೆನಿಸಿತು.

ಸೊರಬ ತಾಲ್ಲೂಕಿನ ತಾಯಿಯೊಬ್ಬರು ಕೆಲವು ವರ್ಷಗಳಿಂದ ನಮಗೆ ಪರಿಚಿತರು. ಅವರ ಮಗನಿಗೆ ಮೂವತ್ತು ದಾಟಿದೆ. ಅಡಿಕೆಯ ತೂಕ, ದರ, ಬಾಕಿಗಳ ಲೆಕ್ಕವನ್ನು ಒಂದು ಪೈಸೆ ತಪ್ಪದೆ ಹೇಳಬಲ್ಲ. ಆದರೆ ಮೊಸರನ್ನ, ಒಣರೊಟ್ಟಿ, ಶೇಂಗಾ ಚಟ್ನಿಪುಡಿ ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲ. ಮದುವೆಮನೆಯಿಂದ ಹಸಿದೇ ಹಿಂದಿರುಗುತ್ತಾನೆ. ಒಮ್ಮೆ ಪ್ರಸಾದದ ಪಂಕ್ತಿಯಲ್ಲಿ ಎಲೆಯ ಮೇಲೆ ಪದಾರ್ಥ ಬಿಟ್ಟು ಎದ್ದನೆಂದು ಹಿರಿಯರೊಬ್ಬರು ಎಲ್ಲರೆದುರು ಗದರಿದರು; ಅಂದಿನಿಂದ ಪಂಕ್ತಿಗೆ ಬರುವುದನ್ನೇ ಬಿಟ್ಟ. ತಾಯಿ ನಮ್ಮಲ್ಲಿ ಮೊದಲು ಕೇಳಿದಾಗ ನಾವೂ "ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿರಿ, ಎಲ್ಲ ಸರಿಹೋಗುತ್ತದೆ" ಎಂದೇ ಹೇಳಿದ್ದೆವು. ಅದು ಅರಿಯದೆ ಆಡಿದ ಮಾತು. ಮಗನಿಗೆ ಆಟಿಸಂ ಇದೆಯೆಂದು ಮುಂದೆ ವೈದ್ಯರಿಂದ ತಿಳಿಯಿತು. ಈಚೆಗೆ ಆ ತಾಯಿ ಕೇಳಿದ ಪ್ರಶ್ನೆ ಬೇರೆಯದೇ ಆಗಿತ್ತು: "ನನ್ನ ನಂತರ ಇವನಿಗೆ ಬಡಿಸುವವರು ಯಾರು?" ಈ ಲೇಖನ ಆ ಪ್ರಶ್ನೆಗೆ ನಮ್ಮ ಕೈಲಾದ ಉತ್ತರ.

ಇದು ಹಟವಲ್ಲ, ಸೋಮಾರಿತನವೂ ಅಲ್ಲ

ಮಿದುಳಿನ ಬೆಳವಣಿಗೆಯೇ ಹುಟ್ಟಿನಿಂದ ಭಿನ್ನವಾಗಿರುವ ಸ್ಥಿತಿಗಳಲ್ಲಿ ಆಟಿಸಂ (ಸ್ವಲೀನತೆ) ಮತ್ತು ಎಡಿಎಚ್‌ಡಿ (ಗಮನದ ಕೊರತೆ ಹಾಗೂ ಅತಿಚಟುವಟಿಕೆ) ಮುಖ್ಯವಾದವು. ಇಂಥವರನ್ನು ಈಗ 'ನರವೈವಿಧ್ಯವುಳ್ಳವರು' ಎಂದು ಕರೆಯುವ ರೂಢಿ ಬಂದಿದೆ. ಇವು ಮಕ್ಕಳ ತೊಂದರೆಗಳೆಂದು ಬಹುಮಂದಿ ತಿಳಿದಿದ್ದಾರೆ. ಆ ಮಕ್ಕಳೇ ಬೆಳೆದು ಹಿರಿಯರಾಗುತ್ತಾರೆ. ಸ್ಥಿತಿಯೂ ಅವರೊಡನೆ ಉಳಿಯುತ್ತದೆ. ಅನೇಕರಿಗೆ ನಡುವಯಸ್ಸಿನವರೆಗೂ ಅದರ ಹೆಸರೇ ತಿಳಿದಿರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ.

ಇವರಿಗೆ ಊಟ ಕಷ್ಟವಾಗುವುದಕ್ಕೆ ಮೂರು ಕಾರಣಗಳನ್ನು ಮುಖ್ಯವಾಗಿ ಹೇಳಬಹುದು.

ಮೊದಲನೆಯದು ಇಂದ್ರಿಯಗಳ ಸೂಕ್ಷ್ಮತೆ. ಬೆಂಡೆಕಾಯಿಯ ಲೋಳೆ, ಬೆಂದ ಬದನೆಯ ಮೆತ್ತನೆ, ಸಾಸಿವೆ ಸಿಡಿದ ಘಾಟು, ಅನ್ನಕ್ಕೆ ಪಲ್ಯದ ರಸ ತಾಗುವುದು, ಇವು ನಮಗೆ ಲೆಕ್ಕಕ್ಕಿಲ್ಲದ ಸಂಗತಿಗಳು. ಆಟಿಸಂ ಇರುವ ಕೆಲವರಿಗೆ ಅವು ಮೈ ಜುಮ್ಮೆನ್ನಿಸಿ ವಾಕರಿಕೆ ತರುವಷ್ಟು ತೀವ್ರ. ಒಂದೇ ಬಗೆಯ ಊಟವನ್ನು ಅವರು ಬಯಸುವುದು ಅದರ ರುಚಿ, ಹದಗಳು ನಿನ್ನೆಯಂತೆಯೇ ಇಂದೂ ಇರುತ್ತವೆಂಬ ಭರವಸೆಯಿಂದ.

ಎರಡನೆಯದು ಹಸಿವೆಯ ಅರಿವು. ಹೊಟ್ಟೆಯ ಸೂಚನೆಗಳು ಕೆಲವರ ಮನಸ್ಸಿಗೆ ಸ್ಪಷ್ಟವಾಗಿ ಮುಟ್ಟುವುದಿಲ್ಲ. ಕೆಲಸದಲ್ಲಿ ಮುಳುಗಿದರೆ ಬೆಳಗಿನ ತಿಂಡಿಯೂ ಇಲ್ಲ, ಮಧ್ಯಾಹ್ನದ ಊಟವೂ ಇಲ್ಲ. ಸಂಜೆ ತಲೆನೋವು, ನಡುಕ, ಸಿಡುಕು ಬಂದ ಮೇಲಷ್ಟೇ ತಾವು ಉಂಡಿಲ್ಲವೆಂಬುದು ತಿಳಿಯುತ್ತದೆ. ಆಗ ಕೈಗೆ ಸಿಕ್ಕಿದ ಬಿಸ್ಕತ್ತು, ಕುರುಕಲು ತಿಂಡಿಗಳೇ ಊಟವಾಗುತ್ತವೆ.

ಮೂರನೆಯದು ಯೋಜನೆಯ ಭಾರ. ಚಿತ್ರಾನ್ನ ಮಾಡುವುದು ನಮ್ಮ ಪಾಲಿಗೆ ಒಂದು ಕೆಲಸ. ಬಿಡಿಸಿ ನೋಡಿದರೆ ಅದೊಂದು ಸರಪಳಿ: ಏನು ಮಾಡಬೇಕೆಂದು ನಿರ್ಧರಿಸಬೇಕು, ಸಾಮಾನು ಇದೆಯೇ ನೋಡಬೇಕು, ಅಕ್ಕಿ ತೊಳೆಯಬೇಕು, ಸೀಟಿ ಎಣಿಸಬೇಕು, ಆರಿಸಬೇಕು, ಹೆಚ್ಚಬೇಕು, ಒಗ್ಗರಣೆ ಹತ್ತದಂತೆ ಕಾಯಬೇಕು, ಕೊನೆಗೆ ಪಾತ್ರೆ ತೊಳೆಯಬೇಕು. ಎಡಿಎಚ್‌ಡಿ ಇರುವವರಿಗೆ ಈ ಸರಪಳಿಯ ಯಾವ ಕೊಂಡಿಯಲ್ಲಾದರೂ ಮನಸ್ಸು ಜಾರಬಹುದು. ಹಾಲು ಉಕ್ಕಿಸಿದಳು, ಒಲೆ ಆರಿಸುವುದನ್ನು ಮರೆತಳು ಎಂದು ದಿನವೂ ಬೈಸಿಕೊಳ್ಳುವ ಸೊಸೆಯಂದಿರಲ್ಲಿ ಇಂಥವರೂ ಇರಬಹುದೆಂಬುದನ್ನು ಮನೆಯವರು ಯೋಚಿಸಬೇಕು. ಗಂಡು ಮರೆತರೆ ಮರೆವು, ಹೆಣ್ಣು ಮರೆತರೆ ಅಸಡ್ಡೆ ಎಂಬ ನಮ್ಮ ತಕ್ಕಡಿ ಸರಿಯಾದುದಲ್ಲ.

ಮೂರು ಮೆಟ್ಟಿಲಿನ ಊಟ

ಎಲ್ಲ ದಿನಗಳಲ್ಲಿ ಒಂದೇ ಶಕ್ತಿ ಇರುವುದಿಲ್ಲ. ಆದ್ದರಿಂದ ಊಟವನ್ನು ಮೂರು ಮೆಟ್ಟಿಲಾಗಿ ಮೊದಲೇ ಗೊತ್ತುಮಾಡಿ, ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಡುವುದು ಒಳ್ಳೆಯದು.

ಒಲೆ ಹಚ್ಚದ ಊಟ ಮೊದಲ ಮೆಟ್ಟಿಲು. ಮೊಸರಿನಲ್ಲಿ ನೆನೆಸಿದ ತೆಳು ಅವಲಕ್ಕಿ, ಮಂಡಕ್ಕಿಯೊಂದಿಗೆ ಹುರಿಗಡಲೆ ಮತ್ತು ಶೇಂಗಾ, ಖಡಕ್ ರೊಟ್ಟಿಯೊಂದಿಗೆ ಗುರೆಳ್ಳು ಪುಡಿ ಹಾಗೂ ಮೊಸರು, ಬಾಳೆಹಣ್ಣು, ಶೇಂಗಾ ಉಂಡೆ, ಇವೆಲ್ಲ ಇದಕ್ಕೆ ಸಲ್ಲುತ್ತವೆ. ಹಾವೇರಿ ಸೀಮೆಗೆ ಹೊಂದಿಕೊಂಡ ನಮ್ಮ ಊರುಗಳಲ್ಲಿ ಖಡಕ್ ರೊಟ್ಟಿ ಸುಲಭವಾಗಿ ಸಿಗುತ್ತದೆ. ಒಣದಾಗಿಟ್ಟರೆ ಬಹುದಿನ ಕೆಡದು; ಪ್ರತಿ ಸಲವೂ ಅದೇ ಹದ, ಅದೇ ಸದ್ದು. ಹದದ ಬದಲಾವಣೆಯನ್ನು ತಾಳದವರಿಗೆ ಇದು ದೊಡ್ಡ ಆಸರೆ.

ಎರಡನೆಯ ಮೆಟ್ಟಿಲಿಗೆ ಒಂದೇ ಪಾತ್ರೆ ಸಾಕು. ರಾಗಿ ಗಂಜಿ, ರವೆಯ ಗಂಜಿ, ಅಕ್ಕಿ ಮತ್ತು ಹೆಸರುಬೇಳೆ ಕೂಡಿಸಿ ಬೇಯಿಸಿದ ಮೆದು ಅನ್ನ ಇಲ್ಲಿ ಬರುತ್ತವೆ. ಕುಕ್ಕರಿನ ಸೀಟಿಯ ಸದ್ದು ಸಹಿಸದವರಿಗೆ, ಎಣಿಸಲು ಮರೆಯುವವರಿಗೆ, ಅನ್ನ ಬೆಂದೊಡನೆ ತಾನಾಗಿ ಕಾವು ತಗ್ಗಿಸುವ ವಿದ್ಯುತ್ ರೈಸ್ ಕುಕ್ಕರ್ ಅನುಕೂಲ. ಗ್ಯಾಸಿನ ಒಲೆ ಮರೆಯುವ ಭಯವಿದ್ದರೆ, ಗೊತ್ತುಮಾಡಿದ ಸಮಯಕ್ಕೆ ಆರುವ ಇಂಡಕ್ಷನ್ ಒಲೆಯನ್ನು ಪರಿಗಣಿಸಬಹುದು.

ಮೂರನೆಯದು ಪೂರ್ಣ ಅಡುಗೆ. ಶಕ್ತಿ ಇರುವ ದಿನ ಮಾತ್ರ ಇದಕ್ಕೆ ಕೈಹಾಕಬೇಕು. ಮೊದಲ ಮೆಟ್ಟಿಲಿನಲ್ಲಿ ಉಂಡ ದಿನವೂ ಉಂಡ ದಿನವೇ. ಬಿಸಿ ಅಡುಗೆಯಾಗಲಿಲ್ಲವೆಂದು ಉಪವಾಸ ಮಲಗುವುದಕ್ಕಿಂತ ಮೊಸರವಲಕ್ಕಿ ನೂರು ಪಾಲು ಮೇಲು.

ವಾರದ ಕ್ರಮ

ದಿನವೂ "ಇಂದು ಏನು?" ಎಂದು ಕೇಳಿಕೊಳ್ಳುವುದೇ ಅರ್ಧ ಆಯಾಸ. ಸೋಮವಾರ ಇಂಥದು, ಮಂಗಳವಾರ ಇಂಥದು ಎಂದು ವಾರಕ್ಕೊಮ್ಮೆ ಗೊತ್ತುಮಾಡಿದರೆ ಆ ಭಾರ ಇಳಿಯುತ್ತದೆ. ಅದೇ ಪಟ್ಟಿ ತಿಂಗಳುಗಟ್ಟಲೆ ನಡೆದರೂ ದೋಷವಿಲ್ಲ. ಸಂತೆಯ ಸಾಮಾನಿನ ಚೀಟಿಯೂ ಒಮ್ಮೆ ಬರೆದಿಟ್ಟರೆ ವಾರವಾರವೂ ಅದೇ ಸಾಕು. ಶಿರಾಳಕೊಪ್ಪ, ಆನವಟ್ಟಿಗಳ ಸಂತೆಯ ನೂಕುನುಗ್ಗಲು ತಾಳದವರು ಮುಂಜಾನೆಯೇ ಹೋಗಿ ಬರಬಹುದು, ಇಲ್ಲವೇ ಪರಿಚಿತ ಅಂಗಡಿಗೆ ಚೀಟಿ ಕಳುಹಿಸಿ ತರಿಸಿಕೊಳ್ಳಬಹುದು.

ಕಣ್ಮರೆಯಾದುದು ಮನದಿಂದಲೂ ಮರೆಯಾಗುವ ಸ್ವಭಾವ ಕೆಲವರದು. ಅವರ ತಿನಿಸನ್ನು ಒಳಗುಳಿಯುವಂಥ ತಗಡಿನ ಡಬ್ಬಿಗಳಲ್ಲಿಡದೆ ಗಾಜಿನ ಭರಣಿಗಳಲ್ಲಿ, ಕಣ್ಣಿನ ಮಟ್ಟದಲ್ಲಿಡಬೇಕು. ಊಟದ ಹೊತ್ತಿಗೆ ಮೊಬೈಲಿನ ಗಂಟೆ ಹೊಡೆಯುವಂತೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಗಟ್ಟಿಯಾದ ಗೂಟ ನಮ್ಮ ನಿತ್ಯಕ್ರಮದಲ್ಲೇ ಇದೆ. ಇಷ್ಟಲಿಂಗ ಪೂಜೆಯನ್ನು ತಪ್ಪಿಸದವರು ಪೂಜೆಯ ಬೆನ್ನಿಗೇ ಪ್ರಸಾದವೆಂದು ಆ ಹೊತ್ತಿನ ಊಟವನ್ನು ಕಟ್ಟಿಕೊಂಡರೆ, ಹಸಿವೆಯ ಕರೆಗಾಗಿ ಕಾಯಬೇಕಾಗುವುದಿಲ್ಲ.

ಒಂದು ಎಚ್ಚರಿಕೆ: ಒಮ್ಮೆಗೇ ಹೆಚ್ಚು ಅನ್ನ ಮಾಡಿಡುವವರು ಅದನ್ನು ಅಗಲವಾದ ತಟ್ಟೆಯಲ್ಲಿ ಬೇಗನೆ ಆರಿಸಿ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಬೇಕು. ಹೊರಗೆ ಉಳಿದ ಅನ್ನದಲ್ಲಿ ಬೆಳೆಯುವ ಕೆಲವು ರೋಗಾಣುಗಳ ವಿಷ ಮತ್ತೆ ಬಿಸಿಮಾಡಿದರೂ ಹೋಗದು. ಮಳೆಗಾಲದಲ್ಲಿ ವಿದ್ಯುತ್ ಗಂಟೆಗಟ್ಟಲೆ ಹೋಗುವ ಊರುಗಳಲ್ಲಿ ಒಣ ತಿನಿಸುಗಳನ್ನೇ ನೆಚ್ಚುವುದು ಕ್ಷೇಮ.

ಪೋಷಣೆ ಸಾಲುತ್ತದೆಯೇ?

ಇದು ತಾಯಂದಿರ ಮೊದಲ ಆತಂಕ. ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿದೆ. ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 24 ಗ್ರಾಂ, ನೂರು ಗ್ರಾಂ ಬೇಳೆಯಲ್ಲಿ 20 ಗ್ರಾಂಗಿಂತ ಹೆಚ್ಚು, ಒಂದು ಲೋಟ ಹಾಲಿನಲ್ಲಿ 6 ಗ್ರಾಂನಷ್ಟು ಪ್ರೋಟೀನ್ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಆದ್ದರಿಂದ ತಿನ್ನುವ ಪದಾರ್ಥಗಳು ಕೆಲವೇ ಆದರೂ, ಅವುಗಳೊಳಗೇ ಪೋಷಣೆಯನ್ನು ಹೆಚ್ಚಿಸಲು ದಾರಿಯಿದೆ. ಚಟ್ನಿಪುಡಿ ಒಪ್ಪುವವನಿಗೆ ಶೇಂಗಾ, ಗುರೆಳ್ಳು, ಅಗಸೆಗಳ ಪುಡಿಗಳನ್ನು ಬೇರೆಬೇರೆಯಾಗಿ ಮುಂದಿಟ್ಟು, ಒಪ್ಪಿದುದನ್ನು ಉಳಿಸಿಕೊಳ್ಳಬಹುದು.

ಆದರೆ ಅವರಿಗೆ ತಿಳಿಯದಂತೆ ಏನನ್ನೂ ಬೆರೆಸಬಾರದು. ಗೊತ್ತಾದ ದಿನ ನೆಚ್ಚಿನ ಆ ಒಂದು ಊಟವೂ ಕೈತಪ್ಪಬಹುದು. ಹೊಸದೇನಿದ್ದರೂ ಪಕ್ಕದಲ್ಲಿ ಬೇರೆ ಬಟ್ಟಲಿನಲ್ಲಿ, ಒಂದು ತುತ್ತಿನಷ್ಟು, ತಿನ್ನದಿದ್ದರೂ ಸರಿಯೆಂಬ ಮಾತಿನೊಂದಿಗೆ ಇಡಬೇಕು.

ಪಂಕ್ತಿಯಲ್ಲಿ ನಾವು ನಡೆದುಕೊಳ್ಳಬೇಕಾದ ರೀತಿ

ಪ್ರಸಾದವನ್ನು ಚೆಲ್ಲಬಾರದೆಂಬುದು ನಮ್ಮ ನಡೆ. ಆ ನಡೆಯನ್ನು ಉಳಿಸಿಕೊಳ್ಳಲು ನೇರ ದಾರಿ ಬಡಿಸುವವರ ಕೈಯಲ್ಲಿದೆ: ಕೇಳಿ ಬಡಿಸುವುದು. "ಬೇಡ" ಎಂದವರ ಎಲೆಗೆ ಪ್ರೀತಿಯಿಂದ ಸುರಿದ ಸೌಟು, ಮರುಗಳಿಗೆಯಲ್ಲಿ ಅವರ ಅಪರಾಧವಾಗಬಾರದು. ಖಾನೆಗಳಿರುವ ತಟ್ಟೆ ಕೊಟ್ಟರೆ ಒಂದು ಪದಾರ್ಥ ಇನ್ನೊಂದಕ್ಕೆ ತಾಗದು. ದಾಸೋಹ ಭವನದ ಪಾತ್ರೆಗಳ ಸದ್ದು, ಜನರ ಗದ್ದಲ ತಾಳದವರಿಗೆ ಮೊದಲ ಪಂಕ್ತಿಗೂ ಮುನ್ನ ಗೋಡೆಯ ಬದಿಯಲ್ಲಿ ಕುಳ್ಳಿರಿಸಬಹುದು, ಇಲ್ಲವೇ ಪ್ರಸಾದವನ್ನು ಡಬ್ಬಿಯಲ್ಲಿ ಕೊಟ್ಟು ಕಳುಹಿಸಬಹುದು. ಅಡಿಕೆ ಕೊಯ್ಲಿನ ಕಾಲದಲ್ಲಿ ಮನೆಯ ಊಟದ ಹೊತ್ತೆಲ್ಲ ಏರುಪೇರಾಗುತ್ತದೆ. ಆಗ ಇಂಥವರ ಊಟವನ್ನಾದರೂ ಗೊತ್ತಾದ ಹೊತ್ತಿಗೆ ಎತ್ತಿಡಬೇಕು. ವ್ರತ, ಉಪವಾಸಗಳ ವಿಷಯದಲ್ಲಿಯೂ ಅವರನ್ನು ಒತ್ತಾಯಿಸಬಾರದು.

ವೈದ್ಯರನ್ನು ಕಾಣಬೇಕಾದ ಸಂದರ್ಭ

ತೂಕ ಇಳಿಯುತ್ತಿದ್ದರೆ, ತಲೆಸುತ್ತು, ಬಿಳಿಚಿಕೊಳ್ಳುವಿಕೆ, ಕೈಕಾಲು ಜೋಮು ಇದ್ದರೆ, ತಿನ್ನುವ ಪದಾರ್ಥಗಳ ಪಟ್ಟಿ ದಿನೇದಿನೇ ಕಿರಿದಾಗುತ್ತಿದ್ದರೆ ತಡಮಾಡಬಾರದು. ಸಸ್ಯಾಹಾರಿಗಳಲ್ಲಿ, ಅದರಲ್ಲೂ ಹಾಲು ಮೊಸರು ಬಿಟ್ಟವರಲ್ಲಿ, ಬಿ12 ಜೀವಸತ್ವ ಮತ್ತು ಕಬ್ಬಿಣದಂಶದ ಕೊರತೆಯನ್ನು ರಕ್ತಪರೀಕ್ಷೆಯಿಂದ ತಿಳಿಯಬೇಕು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಹಸಿವೆಯನ್ನು ಕುಗ್ಗಿಸುತ್ತದೆ. ಮಾತ್ರೆಗೆ ಮೊದಲು ತಿಂಡಿ, ಔಷಧದ ಪ್ರಭಾವ ಇಳಿದ ಸಂಜೆ ಗಟ್ಟಿ ಊಟ ಎಂಬ ಕ್ರಮವನ್ನು ವೈದ್ಯರೊಡನೆ ಮಾತಾಡಿ ಗೊತ್ತುಮಾಡಿಕೊಳ್ಳಬಹುದು. ತಾವಾಗಿ ಮಾತ್ರೆ ನಿಲ್ಲಿಸಬಾರದು. ಮಾನಸಿಕ ಆರೋಗ್ಯದ ಸಲಹೆಗೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲಿಯೇ ಮಾತಾಡಬಹುದು. ಹೆಚ್ಚಿನ ತಪಾಸಣೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಇವೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಅವರ ಮನೆಯ ಗೋಡೆಯ ಮೇಲೆ ಇಂದು ಮೂರು ಮೆಟ್ಟಿಲಿನ ಚೀಟಿಯಿದೆ. ಅದರಲ್ಲಿನ ಅಕ್ಷರಗಳು ಮಗನವೇ. ಮೊದಲ ಎರಡು ಮೆಟ್ಟಿಲುಗಳ ಊಟವನ್ನು ಅವನೇ ಮಾಡಿಕೊಳ್ಳುತ್ತಾನೆ. ವಾರದ ಸಾಮಾನಿನ ಲೆಕ್ಕವಂತೂ ತಾಯಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಪಂಕ್ತಿಗೆ ಅವನಿನ್ನೂ ಬಂದಿಲ್ಲ. ಬಂದ ದಿನ ಅವನ ಎಲೆಯ ಮುಂದೆ ನಿಲ್ಲುವವರು ಸೌಟನ್ನು ಬಗ್ಗಿಸುವ ಮುನ್ನ "ಏನು ಬಡಿಸಲಪ್ಪಾ?" ಎಂದು ಕೇಳಿದರೆ, ತಾಯಿಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಂತಾಗುತ್ತದೆ. ಉಳಿದರ್ಧವನ್ನು ಅವನು ತಾನೇ ಕಲಿತುಕೊಳ್ಳುತ್ತಿದ್ದಾನೆ.