ಲೋಣಾರದ ಸವಳು ನೀರು, ಭೀಮೆಯ ಎರೆಹೊಲ

ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ ಸರೋವರದ ನೀರಿನ ಪಿಎಚ್ 10ರ ಆಸುಪಾಸು. ಉಪ್ಪೂ ಹೌದು, ಕ್ಷಾರವೂ ಹೌದು. ಅದನ್ನು ಸುತ್ತುವರಿದ ಕಪ್ಪು ಬಸಾಲ್ಟ್ ಕಲ್ಲೇ ಭೀಮೆಯ ಸೀಮೆಯ ಆಳಂದ, ಅಫಜಲಪುರದ ಎರೆಹೊಲಗಳ ಅಡಿಯಲ್ಲೂ ಹಾಸಿಕೊಂಡಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಅದು. ಜೇವರ್ಗಿಯ ಕಡೆ ಸಾಗಿದಂತೆ ತೆಳುವಾಗಿ, ಭೀಮಾ ಕಣಿವೆಯ ಸುಣ್ಣಕಲ್ಲಿಗೆ ಜಾಗ ಬಿಡುತ್ತದೆ.

ಲೋಣಾರದಲ್ಲಿ ಈ ಕಲ್ಲಿಗೆ ಉಲ್ಕೆಯೊಂದು ಬಡಿದು 1.8 ಕಿ.ಮೀ. ಅಗಲದ ಕುಳಿಯಾಯಿತು. ಇದು ಜ್ವಾಲಾಮುಖಿಯ ಬಾಯಿ ಎಂದೇ ಬಹುಕಾಲ ನಂಬಿದ್ದರು. ತಳ ಕೊರೆದು ತೆಗೆದ ಕಲ್ಲಿನಲ್ಲಿ ಹೊಡೆತಕ್ಕೆ ಗಾಜಾದ ಖನಿಜ ಸಿಕ್ಕ ವಿವರ 1973ರಲ್ಲಿ ಪ್ರಕಟವಾದ ಮೇಲೆ ವಾದ ತಣ್ಣಗಾಯಿತು. ಕುಳಿಯ ವಯಸ್ಸಿನ ಲೆಕ್ಕ ಮಾತ್ರ ಸುಮಾರು 50 ಸಾವಿರ ವರ್ಷದಿಂದ 5.7 ಲಕ್ಷಕ್ಕೆ ಜಿಗಿದಿದೆ.

ಕುಳಿಗೆ ಒಳಹರಿವುಂಟು, ಹೊರಹರಿವಿಲ್ಲ. ಮಳೆನೀರು, ಊಟೆನೀರು ಬಸಾಲ್ಟಿನಿಂದ ಸೋಡಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟುಗಳನ್ನು ಕರಗಿಸಿ ತರುತ್ತವೆ. ಬಿಸಿಲಿಗೆ ನೀರು ಆರಿದಂತೆ ಕ್ಯಾಲ್ಸಿಯಂ ಸುಣ್ಣವಾಗಿ ತಳ ಸೇರುತ್ತದೆ. ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಒಗೆಯುವ ಸೋಡಾ, ನೀರಿನಲ್ಲೇ ಉಳಿದು ಗಟ್ಟಿಯಾಗುತ್ತ ಹೋಗುತ್ತದೆ.

ಸಾಮಾನ್ಯ ಮೀನುಗಳಿಗೆ ಒಗ್ಗದ ಈ ನೀರನ್ನು ಹಸಿರಾಗಿಸುವುದು ಸ್ಪಿರುಲಿನಾದಂಥ ನೀಲಿಹಸಿರು ಪಾಚಿ. ಕ್ಷಾರಪ್ರಿಯ ಜೀವಾಣುಗಳು ಸೋಡಿಯಂ ಹೊರದೂಡಿ, ಹೈಡ್ರೊಜನ್ ಅಯಾನುಗಳನ್ನು ಒಳಗೆಳೆದು ತಮ್ಮ ಕೋಶದೊಳಗಿನ ಕ್ಷಾರವನ್ನು ಹದದಲ್ಲಿಡುತ್ತವೆ. ಇಂಥ ನೀರಿಗೆ ಬರುವ ಫ್ಲೆಮಿಂಗೊ ಹಕ್ಕಿ ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ, ನಾಲಿಗೆಯಿಂದ ನೀರು ಹಿಂಡಿ ಸೋಸಿ ಇಂಥ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ. ಗರಿಗೆ ಗುಲಾಬಿ ಬಣ್ಣ ಬರುವುದು ಆ ಊಟದಲ್ಲಿರುವ ಕ್ಯಾರೊಟಿನಾಯ್ಡ್‌ನಿಂದಲೇ.

2020ರ ಜೂನ್‌ನಲ್ಲಿ ಸರೋವರವೇ ಗುಲಾಬಿಯಾಯಿತು. ಲಾಕ್‌ಡೌನಿನ ದಿನಗಳು, ಊಹಾಪೋಹಕ್ಕೆ ಬರವಿರಲಿಲ್ಲ. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆ ಪರೀಕ್ಷಿಸಿ, ಇದು ಉಪ್ಪುಪ್ರಿಯ ಹ್ಯಾಲೊಆರ್ಕಿಯಾ ಜೀವಿಗಳ ಬಣ್ಣವೆಂದಿತು. ನೀರು ಇಳಿದು ಉಪ್ಪು ಏರಿದಾಗ ಅವು ಹೆಚ್ಚಿದ್ದವು. ತಳ ಸೇರಿದ ಮೇಲೆ ಬಣ್ಣವೂ ಹೋಯಿತು. ಅದೇ ವರ್ಷ ಸರೋವರ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.

ಭೀಮೆಯ ದಂಡೆಯಲ್ಲಿ ಇಂಥ ಸರೋವರ ಆಗದ್ದಕ್ಕೆ ಕಾರಣ ಹರಿವು. ಆಳಂದದ ಅಮರ್ಜಾ ಗಾಣಗಾಪುರದ ಬಳಿ ಭೀಮೆಗೆ ಸೇರುತ್ತದೆ, ಭೀಮೆ ಕೃಷ್ಣೆಗೆ. ಕರಗಿದ ಉಪ್ಪು ಸಮುದ್ರದ ಪಾಲು. ಎರೆಮಣ್ಣಿನಲ್ಲಿ ಸಿಗುವ ಸುಣ್ಣದ ಹರಳು ಮಾತ್ರ ಲೋಣಾರದ ತಳದ ರಸಾಯನವನ್ನೇ ಹೇಳುತ್ತದೆ. ನೀರಾವರಿ ಹೆಚ್ಚಾಗಿ ಬಸಿಯದೆ ನಿಂತರೆ ಹೊಲದ ಮೇಲೂ ಬಿಳಿ ಸವಳು ಕಟ್ಟುತ್ತದೆ. ಮಣ್ಣಿಗಂಟಿದ ಸೋಡಿಯಂ ಬಿಡಿಸಲು ಅಂಥ ಕ್ಷಾರದ ಹೊಲಕ್ಕೆ ಜಿಪ್ಸಂ ಹಾಕುವುದುಂಟು. ಆದರೆ ಬಸಿಗಾಲುವೆ ಇಲ್ಲದಿದ್ದರೆ ಬಿಡುಗಡೆಯಾದ ಸೋಡಿಯಂ ಅಲ್ಲೇ ಉಳಿಯುತ್ತದೆ.