ಬಸಿರಾದರೂ ಅವಳು ಮಗುವೇ

ಹದಿನೆಂಟು ತುಂಬದ ಹುಡುಗಿ ಬಸಿರಾದರೆ ಜನ ಎರಡು ಮಾತು ಆಡುತ್ತಾರೆ. ತಾಳಿ ಕಟ್ಟಿಸಿಕೊಂಡ ಮೇಲೆ ಗಂಡನ ಮನೆಯೇ ಗತಿ ಎನ್ನುವುದು ಒಂದು. ತಾಯಿಯಾಗುವವಳು ದೊಡ್ಡವಳೇ ಆದಳು, ಎಲ್ಲಿಗಾದರೂ ಹೋಗಲಿ ಎನ್ನುವುದು ಇನ್ನೊಂದು. ಎರಡೂ ತಪ್ಪು. ಬಸಿರಾಗಲಿ ಮದುವೆಯಾಗಲಿ ಯಾರ ವಯಸ್ಸನ್ನೂ ಹೆಚ್ಚಿಸುವುದಿಲ್ಲ. ಹೆರಿಗೆಯ ದಿನವೂ ಅವಳು ಕಾನೂನಿನ ಕಣ್ಣಿಗೆ ಮಗುವೇ. ಆದ್ದರಿಂದ ಮನಬಂದಲ್ಲಿ ಬೇರೆ ಮನೆ ಮಾಡುವ ಅಧಿಕಾರ ಅವಳಿಗಿಲ್ಲ. ಆದರೆ ಹೊಡೆತ, ಬಲವಂತ ಇರುವ ಮನೆಯಲ್ಲೇ ಅವಳನ್ನು ಕೂಡಿಹಾಕುವ ಅಧಿಕಾರ ತಂದೆಗೂ ಇಲ್ಲ, ಗಂಡನಿಗೂ ಇಲ್ಲ. ಆ ಮನೆ ಬಿಟ್ಟು ರಕ್ಷಣೆ ಕೇಳುವ ಹಕ್ಕು ಅವಳದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಈ ಭಾಗದ ಬೀಗತನ ಮಿರಜ, ಸಾಂಗ್ಲಿ, ಕೊಲ್ಹಾಪುರದವರೆಗೂ ಹಬ್ಬಿದೆ. ಗಡಿಯಾಚೆ ಅಕ್ಷತೆ ಬಿದ್ದರೆ ನಮ್ಮ ಕಾನೂನು ತಟ್ಟದು ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಷ್ಟೇ ಇದೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿ ಜಾರಿಯಾದ ಮೇಲೆ ಇಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮಹಾರಾಷ್ಟ್ರದಲ್ಲಿ 2006ರ ಕೇಂದ್ರ ಕಾಯ್ದೆಯಂತೆ ನ್ಯಾಯಾಲಯ ರದ್ದು ಮಾಡುವವರೆಗೆ ಅದು ಉಳಿಯುತ್ತದೆ. ಅದಕ್ಕೆ ಹುಡುಗಿ 20 ತುಂಬುವವರೆಗೂ ಅರ್ಜಿ ಹಾಕಬಹುದು, ತಾನಿರುವ ಜಿಲ್ಲೆಯಲ್ಲೇ ಹಾಕಬಹುದು. ಮದುವೆ ರದ್ದಾದರೆ ಹೊಟ್ಟೆಯಲ್ಲಿರುವ ಕೂಸಿನ ಗತಿಯೇನು ಎಂದು ಹೆದರಿಸುವವರಿದ್ದಾರೆ. ಅದೇ ಕಾಯ್ದೆಯ 6ನೇ ಕಲಂ ಆ ಕೂಸನ್ನು ಕಾನೂನುಬದ್ಧ ಸಂತಾನವೆಂದೇ ಎಣಿಸುತ್ತದೆ. ಇನ್ನು 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್ 18 ತುಂಬದ ಹೆಂಡತಿಯೊಡನೆ ದೈಹಿಕ ಸಂಬಂಧವೂ ಅತ್ಯಾಚಾರವೇ ಎಂದಿತು. ಹೀಗಿರುವಾಗ ಹಿರಿಯರು ಕೂತು ಅವಳನ್ನು ಗಂಡನ ಮನೆಗೆ ಸಾಗಹಾಕುವುದು ರಾಜಿಯಲ್ಲ, ಅಪರಾಧಕ್ಕೆ ಕೊಟ್ಟ ಆಸರೆ.

ಹಾಗಾದರೆ ಎಲ್ಲಿಗೆ ಹೋಗಬೇಕು? 2015ರ ಬಾಲನ್ಯಾಯ ಕಾಯ್ದೆಯಂತೆ ಅವಳು ತಾನಾಗಿಯೇ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬಹುದು. 1098ಕ್ಕೆ ಕರೆ ಮಾಡಬಹುದು. ಕರೆದೊಯ್ದವರ ಮೇಲೆ ಅಪಹರಣದ ಕೇಸು ಬೀಳದೇ ಎಂಬ ಅಂಜಿಕೆ ಸಹಜ. ಅಡಗಿಸಿಟ್ಟವರಿಗೆ ಆ ಭಯ ಇರಲೇಬೇಕು. ಶಿಕ್ಷಕಿಯಾಗಲಿ ಆಶಾ ಕಾರ್ಯಕರ್ತೆಯಾಗಲಿ, ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಸಮಿತಿಯ ಮುಂದೆ ಹಾಜರುಪಡಿಸಿದರೆ ಅದು ಕಾಯ್ದೆಯೇ ತೋರಿಸಿದ ದಾರಿ. ಮನೆ ಬಿಟ್ಟದ್ದಕ್ಕೆ ಹುಡುಗಿ ಅಪರಾಧಿಯಾಗುವುದಿಲ್ಲ. ವಕೀಲರ ನೆರವೂ ಅವಳಿಗೆ ಉಚಿತ.

ಗಟ್ಟಿಯಾದ ಆಕ್ಷೇಪವೆಂದರೆ ಆಸ್ಪತ್ರೆಯದು: ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕಾರ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ಹುಡುಗ ಜೈಲಿಗೆ ಹೋಗುತ್ತಾನೆ. ಈ ಹೆದರಿಕೆಗೆ ತಾಯಿ ಕಾರ್ಡಿನಲ್ಲಿ ವಯಸ್ಸು ಏರಿಸಿ ಬರೆಸಿದರೆ, ಹದಿಹರೆಯದ ಬಸಿರಿಗೆ ಬೇಕಾದ ವಿಶೇಷ ನಿಗಾ ತಪ್ಪಿಹೋಗುತ್ತದೆ. ಒಪ್ಪಿಗೆಯ ಸಂಬಂಧದಿಂದ ಬಸಿರಾದವಳು ಗರ್ಭಪಾತಕ್ಕೆ ಬಂದಾಗ, ಅವಳೂ ಪೋಷಕರೂ ಕೋರಿದರೆ ವರದಿಯಲ್ಲಿ ಹೆಸರು, ಗುರುತು ಬೇಡ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅಪ್ರಾಪ್ತೆಯ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ನಿಜ. ಆದರೆ ಅವಳು ಬೇಡವೆಂದರೆ ತೆಗೆಸಲು, ಅವಳು ಬೇಕೆಂದರೆ ತಡೆಯಲು ಆ ಒಪ್ಪಿಗೆ ಪರವಾನಗಿಯಲ್ಲ. ಭಿನ್ನಾಭಿಪ್ರಾಯ ಬಂದಾಗ ಹುಡುಗಿಯ ಮಾತಿಗೆ ಮಹತ್ವ ಕೊಡಲೇಬೇಕೆಂದು ಅದೇ ಕೋರ್ಟ್ 2024ರಲ್ಲಿ ನ್ಯಾಯಾಲಯಗಳಿಗೆ ತಿಳಿಸಿದೆ.